ಮೌತ್ ಆರ್ಗನ್ನಿನ ಜೋಡಿ ಷಡ್ಜ

ನನ್ನ ಬಲಗೈ ತೋರುಬೆರಳಿಗೆ ಗುಂಡಿ ಕಂಡರೆ ಒತ್ತದೆ ಸಮಾಧಾನವಿಲ್ಲ. ಕರೆಂಟು ಹೋಗಿದೆಯೆಂದು ಬಲ್ಲೆ, ಆದರೂ ಸ್ವಿಚ್ಚು ಒತ್ತುತ್ತೇನೆ. ನೀವೂ ಅಂಥವರೇ ಇರಬಹುದು. ಈ ಬೆರಳಿನ ಪುಣ್ಯವೋ ಏನೋ, ಪಕ್ಕದಲ್ಲೊಂದು ಗುಂಡಿಯಿರುವ ಕ್ರೋಮ್ಯಾಟಿಕ್ ಮೌತ್ ಆರ್ಗನ್ ನನ್ನ ಪಾಲಿಗೆ ಬಂತು. ಗುಂಡಿ ಒತ್ತಿದರೆ ಪ್ರತಿ ಸ್ವರವೂ ಅರ್ಧ ಮೆಟ್ಟಿಲು ಮೇಲೇರುತ್ತದೆ. ಸಂಗೀತ ಮಾತ್ರ ಇನ್ನೂ ಬಂದಿಲ್ಲ, ಅದು ಬೇರೆ ವಿಷಯ.

ಮೊಳಕಾಲ್ಮೂರಿನಲ್ಲಿ ತಂಗಿಯ ಮನೆಯಲ್ಲಿರುವ ಅವ್ವ, ರೇಷ್ಮೆ ಮಗ್ಗದ ಮುಂದೆ ಕೂತು ಗುನುಗುತ್ತಿದ್ದ ಒಂದು ಧಾಟಿಯಿದೆ. ಗಂಟಲಿನ ಆಪರೇಷನ್ನಿನ ನಂತರ ಅವಳ ದನಿ ಹೋಯಿತು. ಆ ಧಾಟಿ ಈಗ ಉಳಿದಿರುವುದು ನನ್ನ ತುಟಿಯಲ್ಲಿ ಮಾತ್ರ, ಅದೂ ತಪ್ಪುತಪ್ಪಾಗಿ. ಮೇಲಿನ ಷಡ್ಜದಿಂದ ಕೋಮಲ ನಿಷಾದಕ್ಕೆ ಜಾರುವಲ್ಲಿ, ಊದುತ್ತಿದ್ದ ಉಸಿರನ್ನು ಒಳಕ್ಕೆಳೆದು ಗುಂಡಿಯನ್ನೂ ಒತ್ತುವಷ್ಟರಲ್ಲಿ ಎಡವುತ್ತೇನೆ. ಪ್ರತಿ ಸಲವೂ ಅಲ್ಲಿಗೆ ಅವ್ವನ ಕೈ ಏಳುತ್ತದೆ, ಸಾಕು ನಿಲ್ಲಿಸು ಎಂಬಂತೆ. ನನಗೆ ಅಳುವೇ ಬರುತ್ತದೆ.

ಚಳ್ಳಕೆರೆಯ ಮೆಕ್ಯಾನಿಕ್ ರಹಮತ್ ಸಾಬರು ನನ್ನ ಬೈಕಿನ ಟ್ಯಾಪೆಟ್ ಸರಿಮಾಡುತ್ತಿದ್ದಾಗ ಈ ದುಃಖ ತೋಡಿಕೊಂಡೆ. ಇಂಜಿನ್ನಿನ ಕೆಮ್ಮು ಕೇಳಿಯೇ ರೋಗ ಹೇಳುವ ಅವರು ನನ್ನಿಂದ ಮೌತ್ ಆರ್ಗನ್ನಿನ ಒಂದೊಂದೇ ರಂಧ್ರ ಊದಿಸಿ ಕೇಳಿದರು. ಅಕ್ಕಪಕ್ಕದ ಎರಡು ರಂಧ್ರಗಳಲ್ಲಿ ಒಂದೇ ಷಡ್ಜವಿರುವುದನ್ನು ಹಿಡಿದರು. ಇಷ್ಟು ವರ್ಷ ಊದಿದ ನನಗೆ ಅದೊಂದು ಪ್ರಶ್ನೆಯೆಂದೇ ಹೊಳೆದಿರಲಿಲ್ಲ.

"ಒಂದೇ ಕೆಲ್ಸಕ್ಕೆ ಇಬ್ರು ಯಾಕ್ರೀ ಸಾರ್? ಒಂದನ್ನ ನಿಮ್ಮ ನಿಷಾದಕ್ಕೆ ಇಳಿಸ್ತೀನಿ. ಕೆಟ್ರೆ ಮಾತ್ರ ನನ್ನ ಬೈಬ್ಯಾಡ್ರಿ."

ಇರುವುದೊಂದೇ ವಾದ್ಯ. ಕಣ್ಣು ಮುಚ್ಚಿ ಕೊಟ್ಟೆ. ಟ್ಯಾಪೆಟ್ಟಿನ ಸಂದು ಅಳೆಯುವ ತೆಳು ಪಟ್ಟಿಯನ್ನು, ಆ ಸ್ವರ ನುಡಿಸುವ ಹಿತ್ತಾಳೆ ನಾಲಿಗೆಯ, ಅಂದರೆ ರೀಡಿನ, ಅಡಿ ತೂರಿಸಿ, ಅದರ ಬುಡವನ್ನು ಕೂದಲೆಳೆಯಷ್ಟು ಕೆರೆದು, ಊದಿಸಿ, ಮತ್ತೆ ಕೆರೆದು, ಮಧ್ಯಾಹ್ನವೆಲ್ಲ ಸಾಧಿಸಿದರು. ಇನ್ನು ಆ ನಿಷಾದಕ್ಕೆ ಉಸಿರು ಒಳಕ್ಕೆಳೆಯುವುದೂ ಬೇಡ, ಗುಂಡಿಯೂ ಬೇಡ. ದೊಡ್ಡ ವಾದಕರೂ ಹೀಗೆ ಶ್ರುತಿ ಬದಲಿಸಿಕೊಳ್ಳುತ್ತಾರೆಂದು ಆಮೇಲೆ ತಿಳಿಯಿತು. ಯಾರನ್ನೂ ಕೇಳದೆ ಅದೇ ಉಪಾಯಕ್ಕೆ ಬಂದ ಸಾಬರ ಮೇಲಿನ ಗೌರವ ಇಮ್ಮಡಿಯಾಯಿತು.

ದಾರಿಯುದ್ದಕ್ಕೂ ಊದಬಹುದೆಂದು ಬೈಕು ಬಿಟ್ಟು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅದು ತಳಕು ದಾಟುವವರೆಗೆ ಊದಿ ಊದಿ ಸಹಪ್ರಯಾಣಿಕರ ಶಾಪ ಪಡೆದು, ಕೊನೆಗೆ ಅವ್ವನೆದುರು ಕೂತೆ. ಆ ಜಾಗ ಬಂದಾಗ ಹಾಳು ಬೆರಳು ಹಳೇ ಚಾಳಿಯಂತೆ ಗುಂಡಿ ಒತ್ತಿಯೇಬಿಟ್ಟಿತು. ಹುಟ್ಟಿದ ಅಪಸ್ವರಕ್ಕೆ ಅವ್ವ ಕಿವಿ ಮುಚ್ಚಿಕೊಂಡು ದನಿಯಿಲ್ಲದೆ ನಕ್ಕಳು.

ಮತ್ತೆ ಊದಿದೆ. ಷಡ್ಜದಿಂದ ನಿಷಾದಕ್ಕೆ ಒಂದೇ ಉಸಿರಿನಲ್ಲಿ ಇಳಿದೆ. ಅವ್ವನ ಕೈ ಮೇಲೇಳಲಿಲ್ಲ. ಮಡಿಲಲ್ಲೇ ಮಗ್ಗದ ಲಾಳಿಯ ಹಗ್ಗ ಎಳೆಯುವಂತೆ ಅತ್ತಿತ್ತ ಆಡತೊಡಗಿತು. ಗುಂಡಿಯ ಮೇಲಿದ್ದ ನನ್ನ ಬೆರಳು, ಒತ್ತದೆಯೂ ಸಮಾಧಾನವಾಗಿತ್ತು.