ಸಾಲು ಎತ್ತಿಕೊಟ್ಟವರು

ನಮ್ಮ ಮನೆ ಹೊನ್ನಾವರ ತಾಲೂಕಿನಲ್ಲಿ, ಮಂಕಿಯ ಹತ್ತಿರ. ಬೆಳಗಾದರೆ ಗಂಡ ದಕ್ಷಿಣಕ್ಕೆ ಭಟ್ಕಳದ ಬಸ್ಸು ಹಿಡಿಯುತ್ತಾರೆ, ನಾನು ಉತ್ತರಕ್ಕೆ ಕುಮಟೆಯ ಬಸ್ಸು ಹಿಡಿಯುತ್ತೇನೆ. ಇಬ್ಬರದೂ ಆಫೀಸಿನ ಕೆಲಸ. ಮಗಳ ಕನ್ನಡ ಶಾಲೆ ಮಾತ್ರ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಹತ್ತಿರ ಇದೆಯೆಂದು ನಾನು ಅತ್ತ ತಲೆಹಾಕಿದವಳೇನಲ್ಲ. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಶಾಲೆಯವರು ಏನೇ ಕೇಳಲಿ, ಎಲ್ಲರ ಜೊತೆ ನಾನೂ "ಆತು" ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಮೂವತ್ತು ಜನ "ಆತು" ಎಂದ ಮೇಲೆ ಬರುವವರು ನಾಲ್ಕೇ ಜನ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ನಾನೂ ದುಡಿದೆ. ಸೇವಾ ಮನೋಭಾವ ಉಕ್ಕಿ ಬಂದು ಅಲ್ಲ. ಕಾರಣ ಬೇರೆಯೇ ಇತ್ತು.

ಮಗಳಿಗೆ ಮಾತು ತಡೆಯುತ್ತದೆ. ಮನೆಯಲ್ಲಿ ಅಷ್ಟಾಗಿ ಇಲ್ಲ, ನಾಲ್ಕು ಜನರ ಮುಂದೆ ನಿಂತರೆ ಶಬ್ದ ಗಂಟಲಲ್ಲೇ ಕೂತುಬಿಡುತ್ತದೆ. ಹಿಂದಿನ ವರ್ಷ ಧ್ವಜ ಹಾರಿಸಿದ ದಿನ ಭಾಷಣಕ್ಕೆ ನಿಂತವಳು ಮೂರನೇ ವಾಕ್ಯದಲ್ಲಿ ಸಿಕ್ಕಿಕೊಂಡಳು. ಯಾರೋ ನಕ್ಕರು. ಅಲ್ಲಿಂದ ದಸರೆ ರಜೆಯ ತನಕ ಅವಳು ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಹಾಜರಿ ಕರೆದರೂ ಕೈ ಎತ್ತುತ್ತಿದ್ದಳು, ಅಷ್ಟೇ.

ಅಂಥವಳು ಒಂದು ಸಂಜೆ ಚೀಲ ಇಳಿಸುವ ಮೊದಲೇ, "ಆಯಿ, ಗ್ಯಾದರಿಂಗಿಗೆ ವಂದನಾರ್ಪಣೆ ಆನು ಮಾಡ್ತಿ," ಎಂದಳು. ಯಾರು ಮಾಡುತ್ತೀರಿ ಎಂದು ಅಕ್ಕೋರು, ಶಾಲೆಯ ಮುಖ್ಯ ಶಿಕ್ಷಕಿ, ಕ್ಲಾಸಿನಲ್ಲಿ ಕೇಳಿದಾಗ ಇವಳೇ ಕೈ ಎತ್ತಿದ್ದಳಂತೆ. ನನ್ನ ಬಾಯಿಯಿಂದ ಬಂದ ಮೊದಲ ಮಾತು "ಬ್ಯಾಡ". ಅವಳು ಅಳಲಿಲ್ಲ. ನಿಂತು ನಿಂತು, ಒಂದೊಂದೇ ಶಬ್ದ ಹೊರಗೆ ತಂದು, "ಈ ಸಲ ಆಗ್ದಿದ್ರೆ ಇನ್ನು ಯಾವತ್ತೂ ಕೇಳ್ತಿಲ್ಲೆ," ಎಂದಳು. ಹತ್ತು ವರ್ಷದ ಹುಡುಗಿ ಅಷ್ಟು ನಿರ್ಧಾರ ಮಾಡಿಯೇ ಹೇಳಿದ್ದಳು. ಅವಳು ಹೇಳಿದ ಹಾಗೇ ಮಾಡುವವಳು.

ಆದರೂ ಮರುದಿನ ಅವಳಿಗೆ ತಿಳಿಯದ ಹಾಗೆ ಅಕ್ಕೋರ ಹತ್ತಿರ ಹೋಗಿ, ವಂದನಾರ್ಪಣೆ ಬೇರೆಯವರಿಗೆ ಕೊಡಿ ಎಂದೆ. ಅವರು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಎತ್ತಿದ ಕೈ ಇಳಿಸು ಅಂತ ನಾ ಹೇಳೂದಿಲ್ಲ. ನಿಮ್ಗೆ ಅಷ್ಟು ಚಿಂತೆ ಇದ್ರೆ ಒಂದು ದಿವ್ಸ ರಜೆ ಹಾಕಿ ಬನ್ನಿ, ಅಡುಗೆ ಕಡೆ ನೋಡ್ಕಳೂಕೆ ಜನ ಇಲ್ಲ." ಹಾಗೆ ನಾನು ಸ್ವಯಂಸೇವಕಿಯಾದೆ.

ರಜೆ ಹಾಕಿದ ಮೇಲೆ ಸುಮ್ಮನಿರುವ ಜಾತಿ ನನ್ನದಲ್ಲ. ಯಾವ ಹೊತ್ತಿಗೆ ಯಾವ ಕೆಲಸ ಎಂದು ಪಟ್ಟಿ ಮಾಡಿ, ಆಫೀಸಿನಲ್ಲೇ ಎರಡು ಪ್ರತಿ ತೆಗೆದೆ. ಆಫೀಸಿನ ಹಾಳೆ ಶಾಲೆಗೆ ಬಳಸಿದ ತಪ್ಪನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಮಗಳ ವಂದನಾರ್ಪಣೆಯನ್ನೂ ನಾನೇ ಬರೆದುಕೊಟ್ಟೆ. ಅತಿಥಿಗಳು, ಅಧ್ಯಕ್ಷರು, ಶಾಮಿಯಾನ ಕೊಟ್ಟವರು, ಮೈಕಿನವರು ಎಲ್ಲರಿಗೂ ಒಂದೊಂದು ಸಾಲು. ಕೊನೆಗೆ "ಅಡುಗೆಗೆ ಸಹಕರಿಸಿದ ಎಲ್ಲರಿಗೂ" ಎಂದು ಅರ್ಧ ಸಾಲು.

ಆ "ಎಲ್ಲರೂ" ಅಂದರೆ ಐದು ಜನ ಹೆಂಗಸರು. ನಮ್ಮೂರಿನ ಗದ್ದೆಯ ಆಚೆ ಅವರ ಮನೆಗಳು. ಮಳೆಗಾಲದಲ್ಲಿ ಭತ್ತ, ಆಮೇಲೆ ಬಸಳೆ, ಹರಿವೆ, ಬದನೆ ಬೆಳೆಯುತ್ತಾರೆ. ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಹೊನ್ನಾವರದ ಬಸ್ಸು ಹತ್ತುವವರು ಗ್ಯಾದರಿಂಗಿನ ದಿನ ಪೇಟೆ ಬಿಟ್ಟು, ಅದೇ ಬುಟ್ಟಿಗಳನ್ನು ಶಾಲೆಗೆ ತಂದಿದ್ದರು. ಅವರಲ್ಲಿ ಯಾರೂ ವಾಟ್ಸಾಪ್ ಗುಂಪಿನಲ್ಲಿ ಇರಲಿಲ್ಲ. ಯಾರೂ "ಆತು" ಎಂದಿರಲಿಲ್ಲ. ನಾನು ಹೋಗುವಷ್ಟರಲ್ಲಿ ಒಲೆ ಹೊತ್ತಿಸಿ, ಅರ್ಧ ತರಕಾರಿ ಹೆಚ್ಚಿ ಮುಗಿಸಿದ್ದರು. ಐವರಲ್ಲಿ ಹಿರಿಯಳು ಒಬ್ಬ ಅಜ್ಜಿ, ಮೊಮ್ಮಗಳು ಮೂರನೇ ಕ್ಲಾಸಿನಲ್ಲಿ. ನಾನು ಕೊಟ್ಟ ಪಟ್ಟಿಯನ್ನು ತಿರುಗಿಸಿ ನೋಡಿ, "ಚೊಲೊ ಇದೆ ಅಮಾ," ಎಂದು ತೆಂಗಿನಕಾಯಿ ಬುಟ್ಟಿಯ ಕೆಳಗೆ ಹಾಸಿದಳು.

ಆಮೇಲೆ ಅವರು ಹಾಡತೊಡಗಿದರು. ಗದ್ದೆಯಲ್ಲಿ ಭತ್ತದ ಸಸಿಯ ನೆಟ್ಟಿ ಮಾಡುವಾಗ ಹಾಡುವ ಹಾಡುಗಳು. ಇಬ್ಬರು ಒಂದು ಸಾಲು ಹೇಳುತ್ತಾರೆ, ಉಳಿದವರು ಅದೇ ಸಾಲನ್ನು ಹಾಗೇ ತಿರುಗಿ ಹೇಳುತ್ತಾರೆ. ಅಷ್ಟರಲ್ಲಿ ಮೊದಲಿನವರು ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಾರೆ. ಕೈ ಅದರ ಪಾಡಿಗೆ ಕೆಲಸ ಮಾಡುತ್ತಿರುತ್ತದೆ.

ಅಡುಗೆ ಕೋಣೆ ಇದ್ದದ್ದು ವೇದಿಕೆಯ ಹಿಂದೆಯೇ. ಹನ್ನೊಂದು ಗಂಟೆಗೆ ಮೈಕಿನವರು ಮೈಕು ಹಚ್ಚಿದರು, ಮಗಳು ಅಭ್ಯಾಸಕ್ಕೆ ನಿಂತಳು. ಎರಡು ಸಾಲು ಸರಿಯಾಗಿ ಬಂತು. ಮೂರನೆಯದರಲ್ಲಿ ಸಿಕ್ಕಿಕೊಂಡಳು. ಆ ಮೌನದೊಳಗೆ ಹಿಂದಿನ ಕೋಣೆಯ ಹಾಡು ಮೈಕಿನಲ್ಲಿ ತೂರಿ ಬಂತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಗಳ ಮೇಲೆ ತೋರಿಸಲಾಗದ್ದನ್ನು ಹೊತ್ತುಕೊಂಡು ಅಡುಗೆ ಕೋಣೆಗೆ ನುಗ್ಗಿದೆ.

"ಇದು ಗದ್ದೆ ಅಲ್ಲ, ಶಾಲೆ! ಸ್ವಲ್ಪ ಬಾಯಿ ಮುಚ್ಕಂಡು ಕೆಲಸ ಮಾಡೂಕೆ ಆಗೂದಿಲ್ವಾ?"

ಹಾಡು ನಿಂತಿತು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಅವರು ನನ್ನ ಮನೆಯ ಕೆಲಸಕ್ಕೆ ಬಂದವರಲ್ಲ, ನನ್ನ ಹಾಗೆಯೇ ಮಕ್ಕಳ ಶಾಲೆಗೆಂದು ಬಂದವರು.

ಹಾಡು ನಿಂತರೂ ಮಗಳ ಮಾತು ಹೊರಡಲಿಲ್ಲ. ಇನ್ನೊಮ್ಮೆ ಹೇಳು ಎಂದೆ, ಮತ್ತೊಮ್ಮೆ ಹೇಳು ಎಂದೆ. ಐದನೇ ಸಲಕ್ಕೆ ಅವಳು ಹಾಳೆಯನ್ನು ನನ್ನ ಕೈಯಲ್ಲಿಟ್ಟು ಎಲ್ಲಿಗೋ ಹೊರಟುಹೋದಳು. ಅವಳನ್ನು ಹುಡುಕಲು ತಿರುಗುವಾಗ ಮೂಗಿಗೆ ವಾಸನೆ ಬಡಿಯಿತು. ಪಾಯಸ ಅಡಿ ಹಿಡಿದಿತ್ತು.

ಬೆಲ್ಲ, ಕಾಯಿಹಾಲು ಬಿದ್ದ ಕಡಲೆಬೇಳೆ ಪಾಯಸ, ಶಾಲೆಗೆಲ್ಲ ಆಗುವಷ್ಟು ದೊಡ್ಡ ಹಂಡೆ. ಸಟ್ಟುಗ ಆಡಿಸಿ ತೊಳಸುತ್ತಿದ್ದವರು ಯಾರು ಎಂದು ಕೇಳಿದರೆ ಐವರೂ ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜಿ ಹೇಳಿದಳು: "ನಮ್ದು ಹಾಡಿನ ಲೆಕ್ಕ ಅಮಾ. ಒಂದು ಹಾಡಿಗೆ ಒಬ್ಬಳು ತೊಳಸೂದು. ಹಾಡು ಮುಗೀತು ಅಂದ್ರೆ ಮುಂದಿನವ್ಳು ಬಂದು ಸಟ್ಟುಗ ಹಿಡೀತಾಳೆ. ಹಾಡೇ ನಿಂತ್ರೆ ಯಾರ ಪಾಳಿ ಅಂತ ಯಾರಿಗೆ ಗೊತ್ತು?" ತೊಳಸುತ್ತಿದ್ದವಳು ಕೈಸೋತು ಸಟ್ಟುಗ ಒರಗಿಸಿದ್ದಳು, ಮುಂದಿನವಳು ಬರುತ್ತಾಳೆ ಎಂದು. ಮುಂದಿನವಳು ತನ್ನ ಪಾಳಿ ಇನ್ನೂ ಬಂದಿಲ್ಲ ಎಂದು ಕಾಯಿ ತುರಿಯುತ್ತ ಕೂತಿದ್ದಳು. ನನ್ನ ಪಟ್ಟಿಯಲ್ಲಿ "ಪಾಯಸ ತೊಳಸುವುದು" ಎಂದು ಇತ್ತು, ಯಾರು ಎಂದು ಇರಲಿಲ್ಲ.

ಅವರು ನನ್ನನ್ನು ಬೈಯಬಹುದಿತ್ತು. ಬೈಯಲಿಲ್ಲ. ತಳ ಕೆದಕದ ಹಾಗೆ ಮೇಲಿನ ಪಾಯಸವನ್ನು ಮೆಲ್ಲಗೆ ಬೇರೆ ಹಂಡೆಗೆ ತೋಡಿದರು. ಅಜ್ಜಿ ಸೊಂಟದ ಸಂಚಿ ಬಿಚ್ಚಿ, ಕವಳಕ್ಕೆಂದು ಇಟ್ಟುಕೊಂಡಿದ್ದ ವೀಳ್ಯದೆಲೆಗಳನ್ನೆಲ್ಲ ತೆಗೆದು ಅದರಲ್ಲಿ ತೇಲಿಬಿಟ್ಟಳು. ಸುಟ್ಟ ವಾಸನೆಯನ್ನು ಎಲೆ ಎಳೆದುಕೊಳ್ಳುತ್ತದಂತೆ. ಹೊತ್ತಿಗೆ ಹತ್ತು ಸಲ ಕವಳ ಹಾಕುವವಳು ಆ ದಿನ ಸಂಜೆಯ ತನಕ ಬರಿ ಬಾಯಲ್ಲಿದ್ದಳು.

"ತಪ್ಪಾತು. ಹಾಡಿ," ಎಂದೆ ನಾನು.

"ನಾವು ಹಾಡ್ತ್ರು, ನೀವು ತೊಳಸಿ," ಎಂದಳು ಅಜ್ಜಿ. ಉಳಿದವರು ಸೆರಗು ಬಾಯಿಗೆ ಹಿಡಿದು ನಕ್ಕರು.

ತೊಳಸಿದೆ. ಹಾಡಿನಲ್ಲಿ ಒಬ್ಬಳು ತವರಿಗೆ ಹೊರಟಿದ್ದಳು, ನಡುವೆ ಹೊಳೆ ಬಂದಿತ್ತು. ಅವಳಿಗೆ ದೋಣಿ ಸಿಗುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು. ಬೇಕೆಂದೇ ಉದ್ದದ ಹಾಡು ಆರಿಸಿದ್ದರೆಂದು ನನಗೆ ಈಗಲೂ ಅನುಮಾನ. ಬೆವರು ಒರೆಸಿಕೊಂಡು ನೋಡಿದರೆ, ಮಗಳು ಅಲ್ಲೇ ಅಜ್ಜಿಯ ಪಕ್ಕದಲ್ಲಿ ಏಲಕ್ಕಿ ಬಿಡಿಸುತ್ತ ಕೂತಿದ್ದಳು. ಸಾಲು ತಿರುಗಿ ಹೇಳುವವರ ಜೊತೆ ಅವಳೂ ಹೇಳುತ್ತಿದ್ದಳು, ಎಲ್ಲೂ ತಡೆಯದೆ. ಹಾಡಲ್ಲವೇ, ಹಾಡು ಬೇರೆ ಮಾತು ಬೇರೆ ಎಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟೆ. ಅಜ್ಜಿ ಬಿಟ್ಟಿರಲಿಲ್ಲ.

ನಾಲ್ಕು ಗಂಟೆಗೆ ಕಾರ್ಯಕ್ರಮ ಸುರುವಾಯಿತು. "ನೀ ಮುಂದೆ ಕೂತ್ಕಳಡ ಆಯಿ," ಎಂದು ಮಗಳು ಮೊದಲೇ ಹೇಳಿದ್ದಳು. ಅದಕ್ಕೇ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಭಟ್ಕಳದಿಂದ ಬೇಗ ಬಂದಿದ್ದ ಗಂಡ ಪಕ್ಕದಲ್ಲಿ ಕೂತರು. ಕುಣಿತ, ನಾಟಕ, ಬಹುಮಾನ, ಅತಿಥಿಗಳ ಭಾಷಣ, ಒಂದೂ ನನ್ನ ತಲೆಗೆ ಹೋಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವಳ ಸರದಿ ಬಂತು.

ಮೊದಲ ಸಾಲು ಬಂತು. ಎರಡನೆಯದೂ ಬಂತು: "ದೂರದಿಂದ ಬಂದು ನಮ್ಮನ್ನು ಹರಸಿದ ಅತಿಥಿಗಳಿಗೆ ವಂದನೆಗಳು." ಮೂರನೆಯದು ಬರಲಿಲ್ಲ. ಬಾಯಿ ತೆರೆದಿತ್ತು, ಕತ್ತಿನ ನರ ಬಿಗಿದದ್ದು ಹಿಂದಿನ ಕುರ್ಚಿಯಿಂದಲೂ ನನಗೆ ಕಾಣುತ್ತಿತ್ತು. ಮೈಕಿನಲ್ಲಿ ಬರೇ ಉಸಿರು. ಎದುರು ಕೂತ ಮಕ್ಕಳಲ್ಲಿ ಒಂದಿಬ್ಬರು ಮಿಸುಕಾಡಿದರು. ಇನ್ನೇನು ಯಾರೋ ನಗುತ್ತಾರೆ, ಇವಳು ಹಾಳೆ ಬಿಟ್ಟು ಇಳಿಯುತ್ತಾಳೆ, ಮತ್ತೆ ಯಾವತ್ತೂ ಕೇಳುವುದಿಲ್ಲ.

ಆಗ ಅಡುಗೆ ಕೋಣೆಯ ಬಾಗಿಲಿನಿಂದ ದನಿ ಬಂತು. "ದೂರದಿಂದ ಬಂದು ನಮ್ಮನ್ನು ಹರಸಿದ ಅತಿಥಿಗಳಿಗೆ ವಂದನೆಗಳೂ..." ಅಜ್ಜಿ ಎಳೆದು ಹೇಳಿದಳು, ಹಾಡಿನ ಸಾಲು ತಿರುಗಿ ಹೇಳುವ ಹಾಗೆಯೇ. ಉಳಿದ ನಾಲ್ವರು ಅರ್ಧದಿಂದ ಸೇರಿಕೊಂಡರು. ಆಮೇಲೆ ಊಟ ಬಡಿಸುವಾಗ ನಾನು ಕೇಳಿದ್ದಕ್ಕೆ ಅಜ್ಜಿ ಹೇಳಿದ್ದು ಇಷ್ಟು: "ಎಂತದೂ ಇಲ್ಲ ಅಮಾ. ಸಾಲು ಕೆಳಗೆ ಬಿತ್ತು, ಎತ್ತಿ ಕೊಟ್ಟದ್ದು ಅಷ್ಟೇ."

ಯಾರೂ ನಗಲಿಲ್ಲ. ಇದೂ ಕಾರ್ಯಕ್ರಮದ ಒಂದು ಭಾಗ ಎಂದುಕೊಂಡರೋ ಏನೋ. ಮಗಳು ಆ ಕಡೆ ತಿರುಗಿ ನೋಡಿದಳು. ಅವಳ ಭುಜ ಇಳಿಯಿತು. ಉಸಿರು ತೆಗೆದುಕೊಂಡು ಮೂರನೇ ಸಾಲು ಹೇಳಿದಳು. ಅವರು ತಿರುಗಿ ಹೇಳಿದರು. ಅವಳು ನಾಲ್ಕನೆಯದು ಹೇಳಿದಳು. ಅದಾಗುವಷ್ಟರಲ್ಲಿ ಮುಂದೆ ಕೂತಿದ್ದ ಮಕ್ಕಳೂ ಸೇರಿಕೊಂಡಿದ್ದವು. ನಾನು ಆಫೀಸಿನ ಪತ್ರದ ಹಾಗೆ ಬರೆದುಕೊಟ್ಟಿದ್ದ ಒಣ ಸಾಲುಗಳು ಅವರ ಬಾಯಲ್ಲಿ ಹಾಡಾದವು. ಶಾಮಿಯಾನದವರಿಗೂ ಮೈಕಿನವರಿಗೂ ಅಷ್ಟು ಚಂದದ ವಂದನೆ ಹಿಂದೆಂದೂ ಸಿಕ್ಕಿರಲಾರದು. ಗಂಡ ಕನ್ನಡಕ ತೆಗೆದು ಒರೆಸುತ್ತಿದ್ದರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಕೊನೆಗೆ ನನ್ನ ಅರ್ಧ ಸಾಲು ಉಳಿದಿತ್ತು. ಮಗಳು ಹಾಳೆ ನೋಡಿದಳು, ಮಡಚಿದಳು. ಈ ಸಲ ತಡೆದದ್ದಲ್ಲ, ತಾನೇ ನಿಂತದ್ದು. ಆಮೇಲೆ ಅಡುಗೆ ಕೋಣೆಯ ಬಾಗಿಲಿನ ಕಡೆ ತಿರುಗಿ, "ಹಾಡು ಹೇಳಿ ನಮಗೆ ಪಾಯಸ ಮಾಡಿದ ಅಮ್ಮಂದಿರಿಗೆ, ಅಜ್ಜಿಗೆ ವಂದನೆಗಳು," ಎಂದಳು.

ಆ ಸಾಲನ್ನು ಯಾರೂ ಎತ್ತಿಕೊಳ್ಳಲಿಲ್ಲ. ತಮಗೆ ಹೇಳಿದ ವಂದನೆಯನ್ನು ತಾವೇ ಹೇಗೆ ತಿರುಗಿ ಹೇಳುವುದು? ಐವರೂ ನಾಚಿ, ಒಬ್ಬರ ಬೆನ್ನಿಗೆ ಒಬ್ಬರು ಸರಿದರು. ಮಕ್ಕಳು ಅವರು ಸುರು ಮಾಡಲಿ ಎಂದು ಕಾಯುತ್ತಿದ್ದವು. ಮಗಳು ವೇದಿಕೆಯ ಮೇಲೆ ಬಾಯಿ ತೆರೆದು ನಿಂತಿದ್ದಳು. ಅವಳ ಕತ್ತು ಮತ್ತೆ ಬಿಗಿಯುತ್ತಿರುವುದು ಕಂಡಿತು.

ನಾನು ಎದ್ದು ನಿಂತೆ. ನನಗೆ ಹಾಡಲು ಬರುವುದಿಲ್ಲ. ಅಡುಗೆ ಕೋಣೆಯ ಬಾಗಿಲು ನೋಡುತ್ತ, "ಹಾಡು ಹೇಳಿ ನಮಗೆ ಪಾಯಸ ಮಾಡಿದ ಅಮ್ಮಂದಿರಿಗೆ, ಅಜ್ಜಿಗೆ ವಂದನೆಗಳು," ಎಂದು ನಡುಗುವ ದನಿಯಲ್ಲಿ ಒಬ್ಬಳೇ ತಿರುಗಿ ಹೇಳಿದೆ. ಜನರೆಲ್ಲ ಹಿಂದೆ ತಿರುಗಿ ನನ್ನನ್ನೇ ನೋಡಿದರು.

ನಾನು ಮುಗಿಸುವ ತನಕ ಮಗಳು ಕಾದಳು. ಅಷ್ಟರಲ್ಲಿ ಅವಳಿಗೆ ಉಸಿರು ಸಿಕ್ಕಿತ್ತು. "ಜೈ ಹಿಂದ್, ಜೈ ಕರ್ನಾಟಕ," ಎಂದಳು, ಒಂದೇ ಸಲಕ್ಕೆ, ಎಲ್ಲೂ ತಡೆಯದೆ.