ಬಾವಿ ಪಕ್ಕದ ಸಿಹಿ ಮರ ಮತ್ತು ಅದರ ಉದ್ದನೆಯ ಹೆಸರು

ರಾಯಲ್ಪಾಡಿನಲ್ಲಿ ನರ್ಸರಿ ನಡೆಸುವ ಕದಿರೇಶನಿಗೆ ಮಾವಿನ ಕಸಿ ಕಟ್ಟುವುದನ್ನು ಕಲಿಸಿದವನು ಅವನ ಸೋದರಮಾವ. ಫೋಟೊ ಹಿಡಿದಿಡುವ ಚಟ ಮಾತ್ರ ಕದಿರೇಶನದೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿಗೆ ಹೋಗಲಿ, ರುಚಿಯಾದ ನಾಟಿ ಮಾವಿನ ಮರ ಕಂಡರೆ ಬೈಕು ನಿಲ್ಲುತ್ತಿತ್ತು. ಮಾಲೀಕರನ್ನು ಕೇಳಿ ಕಸಿಗೆಂದು ಒಂದು ಕಡ್ಡಿ ಕತ್ತರಿಸಿಕೊಂಡು, ಮರದ ಚಿತ್ರ ತೆಗೆದುಕೊಂಡು ಬಂದು ಕಂಪ್ಯೂಟರಿಗೆ ಹಾಕುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಹೀಗೆ ಸಾವಿರದ ಚಿಲ್ಲರೆ ಮರಗಳಾಗಿದ್ದವು. ಬೇರೆ ಪುಸ್ತಕವೆಂಬುದು ಅವನಲ್ಲಿರಲಿಲ್ಲ. ಯಾರ ಮರ, ಎಲ್ಲಿತ್ತು, ಅದರ ಗಿಡ ಯಾರಿಗೆ ಹೋಯಿತು ಎಂಬುದನ್ನೆಲ್ಲ ಚಿತ್ರದ ಹೆಸರಿನಲ್ಲೇ ಬರೆದುಬಿಡುತ್ತಿದ್ದ.

"ನಿಮ್ಮ ಫೋಟೊ ಹೆಸರು ಲಗ್ನಪತ್ರಿಕೆ ಇದ್ದಂಗಿದೆ ಕಣ್ರೀ, ಓದಕ್ಕೇ ಅರ್ಧ ದಿನ ಬೇಕು" ಎಂದು ಹೆಂಡತಿ ರಂಜಿತ ರೇಗಿಸುತ್ತಿದ್ದಳು.

ಮೇ ತಿಂಗಳ ಒಂದು ಬೆಳಿಗ್ಗೆ ವಕ್ಕಲೇರಿಯಿಂದ ದೊಡ್ಡಗಂಗಮ್ಮ ಎಂಬಾಕೆ ಅವನ ನರ್ಸರಿ ಹುಡುಕಿಕೊಂಡು ಬಂದರು. ಎಪ್ಪತ್ತು ದಾಟಿದ ಗಟ್ಟಿ ಜೀವ. ಎರಡು ಬಸ್ಸು ಬದಲಾಯಿಸಿ ಬಂದಿದ್ದರೂ ಕೂರಲು ಒಪ್ಪದೆ ನಿಂತೇ ಕೇಳಿದರು.

"ನಾಯನಾ, ನಮ್ಮಪ್ಪ ಹಾಕಿದ್ದ ಮರದಲ್ಲಿ ನೀನು ಕಡ್ಡಿ ಕಿತ್ಕೊಂಡು ಹೋಗಿದ್ದೆ. ಬಾವಿ ಪಕ್ಕದ್ದು. ನಾಲ್ಕು ವರ್ಷದ ಕೆಳಗೆ ಬಿರುಗಾಳಿಗೆ ಬಿದ್ದೋಯ್ತು. ಅದರ ಗಿಡ ಎಲ್ಲಾದ್ರೂ ಉಳ್ಕೊಂಡೈತಾ?"

ಕದಿರೇಶನಿಗೆ ಬಾವಿಯೂ ಮರವೂ ಕಣ್ಣಿಗೆ ಕಟ್ಟಿದಂತಿದ್ದವು. ಗಿಡವನ್ನು ಯಾರಿಗೆ ಕೊಟ್ಟನೆಂಬುದು ಮಾತ್ರ ಸುತರಾಂ ನೆನಪಿಗೆ ಬರಲಿಲ್ಲ. "ಕಂಪ್ಯೂಟರಲ್ಲಿ ಐತೆ ಬಾಮ್ಮ, ಒಂದೇ ನಿಮಿಷ" ಎಂದು ಒಳಗೆ ಕರೆದೊಯ್ದು ಫೋಟೊ ನೋಡುವ ಪ್ರೋಗ್ರಾಮ್ ತೆರೆದ. ವಕ್ಕಲೇರಿಯ ಚಿತ್ರಗಳೆಲ್ಲ ಇದ್ದವು. ಬಾವಿ ಪಕ್ಕದ ಮರವೂ ಇತ್ತು, ಕೊಂಬೆ ತುಂಬ ಕಾಯಿ. ಆದರೆ ಕೆಳಗೆ ಹೆಸರಿರಬೇಕಾದ ಕಡೆ 9C4E~1 ಎಂದಿತ್ತು. ಪಕ್ಕದ್ದರ ಕೆಳಗೆ B07A~1. ಅದರ ಪಕ್ಕದ್ದೂ ಅಂಥದೇ.

ಹೆಸರು ಹೋದರೆ ಹದಿನಾಲ್ಕು ವರ್ಷದ ಓಡಾಟವೇ ಹೋದಂತೆ. ಕದಿರೇಶ್ ವೈರಸ್ ಇರಬೇಕೆಂದು ಪರೀಕ್ಷೆ ಮಾಡಿದ, ಏನೂ ಸಿಗಲಿಲ್ಲ. ಕನ್ನಡದ ಅಕ್ಷರವೇ ಕೆಟ್ಟಿತೇನೋ ಎಂದುಕೊಂಡು ಮಾಲೂರಿನ ಫೋಲ್ಡರ್ ತೆರೆದ. ಅಲ್ಲಿ ಕನ್ನಡ ಅಚ್ಚುಕಟ್ಟಾಗಿತ್ತು. ಹಾಗಾದರೆ ಅಕ್ಷರದ ದೋಷವಲ್ಲ. ಮಾಲೂರಿನದು ಸರಿಯಿದ್ದು ವಕ್ಕಲೇರಿಯದೇಕೆ ಕೆಟ್ಟಿತು?

ದೊಡ್ಡಗಂಗಮ್ಮನಿಗೆ ಮಜ್ಜಿಗೆ ತಂದ ರಂಜಿತ ಅವನ ಹೆಗಲ ಮೇಲಿಂದ ಬಗ್ಗಿ, ಪರದೆಯ ಮೇಲಿದ್ದ ವಿಳಾಸವನ್ನು ಜೋರಾಗಿ ಓದತೊಡಗಿದಳು. "ಕದಿರೇಶ್ ನರ್ಸರಿಯ ಎಲ್ಲಾ ಮುಖ್ಯ ಮಾಹಿತಿಗಳ ಭದ್ರ ಸಂಗ್ರಹ, ಅದರೊಳಗೆ ಕೋಲಾರ ಜಿಲ್ಲೆಯ ನಾಟಿ ಮಾವಿನ ತಾಯಿಮರಗಳ ಚಿತ್ರಗಳು, ಅದರೊಳಗೆ ಕೋಲಾರ ತಾಲ್ಲೂಕು, ಅದರೊಳಗೆ ವಕ್ಕಲೇರಿ ಹೋಬಳಿ, ಅದರೊಳಗೆ..." ಉಸಿರು ಸಾಲದೆ ನಿಲ್ಲಿಸಿದಳು. "ಈ ಭದ್ರ ಸಂಗ್ರಹ ಯಾವಾಗ ಬಂತ್ರೀ? ಮೊದಲು ಇರಲಿಲ್ಲ."

"ಹೋದ ತಿಂಗಳು ಎಲ್ಲಾನೂ ಒಂದರೊಳಗೆ ಹಾಕ್ದೆ, ನೀಟಾಗಿರಲಿ ಅಂತ" ಎಂದವನೇ ಕದಿರೇಶ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತ.

ಮಾಲೂರಿನ ಫೋಲ್ಡರುಗಳು ಮೂರೇ ಮೆಟ್ಟಿಲು, ವಕ್ಕಲೇರಿಯದು ಆರು. ಒಂದು ಚಿತ್ರದ ಪೂರ್ತಿ ವಿಳಾಸ, ಅಂದರೆ ಎಲ್ಲ ಫೋಲ್ಡರುಗಳ ಹೆಸರೂ ಅದರ ಹೆಸರೂ ಸೇರಿ, ಸುಮಾರು ಇನ್ನೂರ ಅರವತ್ತು ಅಕ್ಷರ ದಾಟಿದರೆ ಹಲವು ಪ್ರೋಗ್ರಾಮುಗಳಿಗೆ ಅದು ಹಿಡಿಸುವುದಿಲ್ಲ. ಆಗ ಕಂಪ್ಯೂಟರು ತಾನೇ ಗುಟ್ಟಾಗಿ ಇಟ್ಟುಕೊಂಡಿರುವ ಗಿಡ್ಡ ಹೆಸರನ್ನು ತೋರಿಸುತ್ತದೆ. ಕನ್ನಡದಲ್ಲಿ ಗುಡಿಸು, ಕೊಂಬು ಒಂದೊಂದೂ ಲೆಕ್ಕಕ್ಕೆ ಬರುವುದರಿಂದ ಮಿತಿ ಬೇಗ ಮುಟ್ಟುತ್ತದೆ. ಇದನ್ನು ಅವನು ಹಿಂದೊಮ್ಮೆ ತಾಲ್ಲೂಕಿನ ತರಬೇತಿಯಲ್ಲಿ ಕೇಳಿ, ತನಗಲ್ಲವೆಂದು ಮರೆತಿದ್ದ.

"ಹಂಗಾದ್ರೆ ಹೆಸರು ಹೋಗಿಲ್ಲ ಕಣೇ! ಒಳಗೇ ಐತೆ, ತೋರಿಸ್ತಿಲ್ಲ ಅಷ್ಟೆ."

ಒಳಗಿನ ಯಾವುದನ್ನೂ ಮುಟ್ಟದೆ ತೀರ ಹೊರಗಿನ ಫೋಲ್ಡರಿನ ಹೆಸರು ಅಳಿಸಿ 'ಕದಿರು' ಎಂದಿಟ್ಟ. ಅದರೊಳಗಿನದಕ್ಕೆ 'ಮಾವು' ಎಂದಿಟ್ಟ. ಪ್ರೋಗ್ರಾಮ್ ಮುಚ್ಚಿ ಮತ್ತೆ ತೆರೆದ. ರಂಜಿತ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದಳು. ಚಿತ್ರಗಳ ಕೆಳಗೆ ಒಂದೊಂದಾಗಿ ಕನ್ನಡ ಮೂಡಿತು. ಬಾವಿಯ ಮರದ ಕೆಳಗೆ ಹೀಗಿತ್ತು: 'ಬಾವಿ ಪಕ್ಕದ ಸಿಹಿ ಮರ, ಆಷಾಢದಲ್ಲಿ ಕಡ್ಡಿ, ಒಂದೇ ಗಿಡ ಬದುಕಿದ್ದು, ಲಕ್ಕೂರು ಶ್ರೀರಾಮಪ್ಪನವರಿಗೆ ಕೊಟ್ಟೆ.'

"ಸಿಕ್ಕಿತು!" ಎಂದು ಅವನು ಕೂಗಿದ ಸದ್ದಿಗೆ ಅಂಗಳದ ಕೋಳಿಗಳು ಚೆದುರಿದವು. ದೊಡ್ಡಗಂಗಮ್ಮನಿಗೆ ಅವನ ಫೋಲ್ಡರು, ಅಕ್ಷರದ ಲೆಕ್ಕ ಒಂದೂ ತಿಳಿದಿರಲಿಲ್ಲ. ಲಕ್ಕೂರು ಎಂಬುದು ಕಿವಿಗೆ ಬಿದ್ದದ್ದೇ ಚೀಲ ಎತ್ತಿಕೊಂಡರು. "ನಡಿ ಮತ್ತೆ, ಹೋಗಣ."

ಶ್ರೀರಾಮಪ್ಪನಿಗೆ ಫೋನಾಯಿತು. ಭಾನುವಾರ ಮೂವರೂ ಪರಿಚಯದವರ ಕಾರಿನಲ್ಲಿ ಲಕ್ಕೂರಿಗೆ ಹೋದರು. ಶ್ರೀರಾಮಪ್ಪನ ರಾಗಿ ಹೊಲದ ಬದುವಿನಲ್ಲಿ ಏಳು ವರ್ಷದ ಮರ, ಎರಡಾಳು ಎತ್ತರ, ಹಣ್ಣಿನ ಭಾರಕ್ಕೆ ಕೊಂಬೆಗಳು ನೆಲ ನೋಡುತ್ತಿದ್ದವು.

"ಎರಡು ವರ್ಷದಿಂದ ಬಿಡ್ತಾ ಐತೆ" ಎಂದ ಶ್ರೀರಾಮಪ್ಪ. "ಯಾವ ತಳಿ ಅಂತ ಬಂದೋರೆಲ್ಲ ಕೇಳ್ತಾರೆ, ನನಗೇನು ಗೊತ್ತು?"

ದೊಡ್ಡಗಂಗಮ್ಮ ತಾವೇ ಒಂದು ಹಣ್ಣು ಕಿತ್ತು, ಅಂಗೈಯಲ್ಲಿ ಹಿಸುಕಿ, ತೊಟ್ಟು ಕಚ್ಚಿ ಉಗಿದು ಚೀಪಿದರು. ಕಣ್ಣು ಮುಚ್ಚಿದ್ದವು. ರಸ ಮೊಣಕೈವರೆಗೆ ಇಳಿಯಿತು.

"ಅದೇ ನಾಯನಾ" ಎಂದರು. ಆಮೇಲೆ ನಗಲಾರಂಭಿಸಿದವರು ನಿಲ್ಲಿಸಲೇ ಇಲ್ಲ. ನಗುತ್ತಲೇ ಶ್ರೀರಾಮಪ್ಪನ ಕಡೆ ತಿರುಗಿ, "ನಮ್ಮಪ್ಪನ ತಳಿ ಅಂತ ಹೇಳು, ಕೇಳಿದೋರಿಗೆ" ಎಂದರು.

ಕದಿರೇಶ್ ಹತ್ತು ಕಡ್ಡಿ ಆರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡ. ಆ ಮಳೆಗಾಲದಲ್ಲಿ ಎಂಟು ಕಸಿ ಹಿಡಿದವು. ಮೂರು ಗಿಡ ವಕ್ಕಲೇರಿಗೆ ಹೋಗಿ ಹಳೆಯ ಬಾವಿಯ ಸುತ್ತ ನೆಲೆಯಾದವು. ನೆಡುವ ದಿನ ದೊಡ್ಡಗಂಗಮ್ಮ ಒಬ್ಬಟ್ಟು ಮಾಡಿ, ಶ್ರೀರಾಮಪ್ಪನ ಮನೆಯವರನ್ನೂ ಕರೆದು, ಬೀದಿಗೆಲ್ಲ ಬಡಿಸಿದರು.