ಮೂರನೇ ಸಲ ಫ್ಲೈವೀಲ್ ಹಲ್ಲು ಮುರಿದಾಗ

ಬೆಳಿಗ್ಗೆ ಐದೂವರೆಗೆ ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯ ಮುಂದಿನ ಇಳಿಜಾರಿನಲ್ಲಿ ಟೆಂಪೋ ಉರುಳಿಸಿ ಎಂಜಿನ್ ಎಬ್ಬಿಸಿದೆನೆಂದರೆ, ಹನ್ನೊಂದು ಹಳ್ಳಿಗಳ ಹಾಲು ತುಂಬಿಕೊಂಡು ಬಂಗಾರಪೇಟೆ ಮುಟ್ಟುವವರೆಗೆ ನಾನು ಸೀಟು ಬಿಡುವ ಹಾಗಿರಲಿಲ್ಲ. ಹಳೇ ಎಂಜಿನ್ನು, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ನಿಂತುಬಿಡುತ್ತಿತ್ತು. ನಿಂತರೆ ಸ್ಟಾರ್ಟರ್ ಅದನ್ನು ಎಬ್ಬಿಸುತ್ತಿರಲಿಲ್ಲ, ಕರಕರ ಎಂದು ಹಲ್ಲು ಕಡಿಯುತ್ತಿತ್ತು.

ಟೀ ಸ್ಟೀರಿಂಗ್ ಹತ್ತಿರಕ್ಕೇ ಬರುತ್ತಿತ್ತು. ಟೀ ಕುಡಿದ ಮೇಲಿನ ಅವಸರಕ್ಕೆ ಮಾತ್ರ ಯಾವ ಉಪಾಯವೂ ಇರಲಿಲ್ಲ. ಕ್ಯಾನುಗಳನ್ನು ಹಾಲು ತಂದವರೇ ಎತ್ತಿ ಇಡಬೇಕು. ಒಂದು ಹಳ್ಳಿಯ ಅಜ್ಜಿ ದಿನಾ ಕಿಚಾಯಿಸುತ್ತಿದ್ದಳು: "ಏನಪ್ಪೋ, ಆ ಸೀಟ್ನಾಗೇನು ಮೊಟ್ಟೆ ಇಕ್ಕಿದ್ದೀಯಾ? ಇಳ್ದು ಒಂದ್ ಕೈ ಆಕ್ಬಾರ್ದಾ?"

ಒಂದು ದಿನ ರೈಲ್ವೆ ಗೇಟಿನಲ್ಲಿ ಗಾಡಿ ನಿಂತೇಹೋಯಿತು. ಸಮತಟ್ಟು ನೆಲ. ತಳ್ಳಲು ಜನ ಸಿಗುವಷ್ಟರಲ್ಲಿ ಬಿಸಿಲೇರಿ ಅರ್ಧ ಹಾಲು ಒಡೆಯಿತು. ಇನ್ನೊಂದು ಸಲ ಹೀಗಾದರೆ ಬೇರೆ ಗಾಡಿ ಗೊತ್ತು ಮಾಡಿಕೊಳ್ಳುತ್ತೇವೆಂದು ಹಳ್ಳಿಯವರು ಹೇಳಿದರು.

ಎಂಜಿನ್ನಿಗೆ ಕೂಡಿಸಿದ ಭಾರದ ಚಕ್ರ, ಅಂದರೆ ಫ್ಲೈವೀಲಿನ ಸುತ್ತ ಹಲ್ಲಿನ ಬಳೆಯೊಂದು ಇರುತ್ತದೆ. ಸ್ಟಾರ್ಟರಿನ ಪುಟ್ಟ ಗಾಲಿ ಮುಂದೆ ಬಂದು ಆ ಹಲ್ಲುಗಳನ್ನು ಹಿಡಿದು ತಿರುಗಿಸಿದರೆ ಎಂಜಿನ್ ಏಳುತ್ತದೆ. ಎರಡು ವರ್ಷದಲ್ಲಿ ನಾವು ಹಾಕಿದ್ದ ಮೂರನೇ ಬಳೆ ಅದು. ಅದರ ಹಲ್ಲುಗಳೂ ಆಗಲೇ ಮುರಿದಿದ್ದವು.

"ಈಗಿನ ಕಬ್ಬಿಣ ಕಣ್ಲಾ, ಬೆಲ್ಲದಂಗೆ ಕರಗ್ತದೆ," ಎನ್ನುತ್ತಿದ್ದರು ದೊಡ್ಡಪ್ಪ. ನನ್ನನ್ನು ಸಾಕಿದವರು ಅವರೇ. ಮೈನ್ಸ್ ಮುಚ್ಚುವವರೆಗೂ ಭೂಮಿಯೊಳಗೆ ನೀರೆತ್ತುವ ಪಂಪುಗಳ ಫಿಟ್ಟರ್ ಆಗಿದ್ದವರು. ನಮ್ಮ ಗಾಡಿಯನ್ನು ಬೇರೆಯವರು ಮುಟ್ಟಲು ಬಿಡುತ್ತಿರಲಿಲ್ಲ.

ನನಗೆ ಮಾತ್ರ ಆ ಹಲ್ಲುಗಳು ನಿದ್ದೆ ಕೊಡಲಿಲ್ಲ. ಕಬ್ಬಿಣ ಕೆಟ್ಟದ್ದಾದರೆ ಹಲ್ಲು ಪೂರ್ತಿ ಸವೆಯಬೇಕು, ಇವು ಬರೀ ಅಂಚಿನಲ್ಲಿ ಮುರಿದಿದ್ದವು. ಒಂದು ಭಾನುವಾರ ಮನೆ ಪಕ್ಕದ ಶೆಡ್ಡಿನಲ್ಲಿ ಸ್ಟಾರ್ಟರ್ ಬಿಚ್ಚಿ, ದೇವರ ಗೂಡಿನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಅದರ ಗಾಲಿಗೆ ಬಳಿದೆ.

"ಏನ್ಲಾ ಅದು, ಅದ್ಕೆ ಮದ್ವೆ ಮಾಡ್ತಿದ್ದೀಯಾ?" ದೊಡ್ಡಪ್ಪ ನಕ್ಕರು.

ಇದ್ದ ಹಾಗೆಯೇ ಮತ್ತೆ ಕೂಡಿಸಿ, ಒಂದು ಸಲ ಕೀಲಿ ತಿರುಗಿಸಿ, ಮತ್ತೆ ಬಿಚ್ಚಿದೆ. ಸ್ಟಾರ್ಟರ್ ಕೂರುವ ತೂತಿನೊಳಗೆ ಟಾರ್ಚ್ ಬಿಟ್ಟರೆ, ಬಳೆಯ ಹಲ್ಲುಗಳ ತುದಿಯಂಚಿಗಷ್ಟೇ ಕೆಂಪು ತಾಗಿತ್ತು. ಗಾಲಿ ಒಳಗೆ ಪೂರ್ತಿ ಹೋಗುತ್ತಿರಲಿಲ್ಲ.

ಯಾಕೆ ಹೋಗುತ್ತಿರಲಿಲ್ಲವೆಂಬುದು ನನ್ನ ಕೈಯಲ್ಲೇ ಇತ್ತು. ಸ್ಟಾರ್ಟರಿನ ಮುಖಕ್ಕೆ ಚಪ್ಪಲಿ ಅಟ್ಟೆಯಷ್ಟು ದಪ್ಪದ ರಬ್ಬರಿನ ಪ್ಯಾಕಿಂಗ್. ಆ ದಪ್ಪದಷ್ಟೂ ಸ್ಟಾರ್ಟರ್ ಹಿಂದಕ್ಕೆ ಉಳಿಯುತ್ತಿತ್ತು. ಎರಡು ವರ್ಷದ ಹಿಂದೆ ಸ್ಟಾರ್ಟರ್ ರಿಪೇರಿ ಮಾಡಿದಾಗ ದೊಡ್ಡಪ್ಪ ಗಣಿಯ ಬೆಲ್ಟಿನ ರಬ್ಬರು ಕತ್ತರಿಸಿ, ಬೋಲ್ಟಿನ ತೂತುಗಳನ್ನು ಅಚ್ಚುಕಟ್ಟಾಗಿ ಹೊಡೆದು ಹಾಕಿದ್ದರು. "ಕಂಪ್ನಿಯೋರು ಪ್ಯಾಕಿಂಗೇ ಮರ್ತವ್ರೆ," ಎಂದು ಅವತ್ತು ಬೈದಿದ್ದರು ಕೂಡ. ಪ್ಯಾಕಿಂಗ್ ಇಲ್ಲದೆ ಎರಡು ಕಬ್ಬಿಣ ಕೂಡಿಸಿದರೆ ನೀರು ನುಗ್ಗುವ ಜಾಗದಲ್ಲಿ ಜೀವಮಾನ ಕಳೆದ ಕೈ ಅದು.

ಟಾರ್ಚ್ ಆರಿಸಿದೆ. ಹೇಳಿದರೆ ಅವರ ಕೈಯನ್ನೇ ತಪ್ಪೆಂದ ಹಾಗೆ. ಕದ್ದು ತೆಗೆದರೆ ಮುಂದಿನ ಸಲ ಮರೆತಿದ್ದಾನೆಂದು ಅವರೇ ಇನ್ನೊಂದು ಕತ್ತರಿಸಿ ಹಾಕುತ್ತಾರೆ. ಬಿಟ್ಟರೆ ಹನ್ನೊಂದು ಹಳ್ಳಿಯೂ ಹೋಗುತ್ತದೆ.

"ಏನ್ಲಾ, ತೋರ್ಸು," ಎಂದು ದೊಡ್ಡಪ್ಪ ಪಕ್ಕಕ್ಕೆ ಬಂದು ಬಗ್ಗಿದರು.

ತೋರಿಸಿದೆ. ಅವರು ಕೆಂಪು ಗುರುತು ನೋಡಿದರು, ರಬ್ಬರನ್ನು ಉಗುರಿನಿಂದ ಒತ್ತಿ ನೋಡಿದರು, ಮತ್ತೆ ಗುರುತು ನೋಡಿದರು.

"ಮೂರು ಸಲಾನೂ ಇದೇನಾ?"

ಸುಳ್ಳು ಹೇಳಲು ಬಾಯಿ ತೆರೆದೆ. ಬರಲಿಲ್ಲ. "ಊಂ, ದೊಡ್ಡಪ್ಪ."

"ತೆಗ್ದಾಕು."

ಸ್ಪ್ಯಾನರ್ ಅವರ ಕಡೆ ಚಾಚಿದೆ. ತೆಗೆದುಕೊಳ್ಳಲಿಲ್ಲ. ಎದ್ದು ಒಳಗೆ ಹೋದರು. ಮುರಿದ ಬಳೆಯನ್ನು ಬದಲಿಸಿ, ಪ್ಯಾಕಿಂಗ್ ಇಲ್ಲದೆ ಸ್ಟಾರ್ಟರ್ ಕೂಡಿಸುವವರೆಗಿನ ಅಷ್ಟೂ ದಿನ ಅವರು ಶೆಡ್ಡಿನ ಕಡೆ ಬರಲಿಲ್ಲ. ಆ ದಿನಗಳಿಗೆ ಗೊತ್ತಿದ್ದವರ ಗಾಡಿ ತಂದು ಹಾಲು ಸಾಗಿಸಿದೆ.

ಟೆಂಪೋ ಮತ್ತೆ ಹೊರಟ ಬೆಳಿಗ್ಗೆ ಪ್ರತಿ ಹಳ್ಳಿಯಲ್ಲೂ ಎಂಜಿನ್ ನಿಲ್ಲಿಸಿ ಇಳಿದೆ. ಕ್ಯಾನು ಎತ್ತಿದೆ. ಅಜ್ಜಿ ನನ್ನ ಕಾಲು ನೋಡಿ, "ಅಯ್ಯೋ, ಇವ್ನಿಗೆ ಎಲ್ಡು ಕಾಲೂ ಅವೆ ಕಣ್ರವ್ವಾ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮನಸ್ಸು ಮಾತ್ರ ಉರಿಗಾಂನ ಮನೆಯಲ್ಲೇ ಇತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅರ್ಧ ಮುದ್ದೆ ಮುಗಿದ ಮೇಲೆ ಕೇಳಿದರು, "ಎಲ್ಲಾ ಕಡೆ ಆಫ್ ಮಾಡ್ದಾ?"

"ಮಾಡ್ದೆ."

"ಕಡಿಯೋ ಸದ್ದು?"

"ಇಲ್ಲ ದೊಡ್ಡಪ್ಪ."

ಇನ್ನೊಂದು ತುತ್ತು ಮುರಿದು ಸಾರಿನಲ್ಲಿ ಅದ್ದಿದರು.

"ನಿನ್ ಕಿವಿ ನಂಬೋಕಾಗಲ್ಲ. ನಾಳೆ ನಾನೂ ಬತ್ತೀನಿ, ನನ್ನೂ ಎಬ್ಬಿಸು ಕಣ್ಲಾ."